ಅತಿಥಿ ಮೊದಲು, ಬ್ಯಾಂಡ್ ಆಮೇಲೆ

ಬ್ಯಾಂಡ್ ಒಂದು ಸ್ಟೇಜ್ ಮೇಲೆ ಅತಿಥಿಯನ್ನ ಕರೆದ್ರೆ ನಾವೇನು ಅಂದ್ಕೋತೀವಿ? ಬ್ಯಾಂಡ್ ಮುಖ್ಯ, ಅತಿಥಿ ಬಂದು ಹೋಗೋರು ಅಂತ. ಇವತ್ತಿನ ಕಥೆಯಲ್ಲಿ ಅದು ಉಲ್ಟಾ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಬ್ಯಾಂಡ್ ಹೆಸರು 'ದಿ ಥಿಂಗ್'. ಶುರುವಾಗಿದ್ದು 2000ದಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ಮೂರೇ ಜನ. ಸ್ಯಾಕ್ಸೋಫೋನ್‌ಗೆ ಸ್ವೀಡನ್ನಿನ ಮಾಟ್ಸ್ ಗುಸ್ಟಾಫ್ಸನ್, ಬಾಸ್‌ಗೆ ಇಂಗೆಬ್ರಿಗ್ಟ್ ಹೋಕೆರ್ ಫ್ಲಾಟೆನ್, ಡ್ರಮ್ಸ್‌ಗೆ ಪೋಲ್ ನಿಲ್ಸೆನ್-ಲವ್. ಕೊನೆಯ ಇಬ್ಬರೂ ನಾರ್ವೆಯವರು. ನುಡಿಸಿದ್ದು ಫ್ರೀ ಜಾಝ್. ಅಂದ್ರೆ ಹೀಗೇ ಸಾಗಬೇಕು ಅನ್ನೋ ಕಟ್ಟುಪಾಡಿಲ್ಲ. ಪಕ್ಕದವರು ನುಡಿಸಿದ್ದನ್ನ ಕೇಳ್ತಾ, ಆ ಕ್ಷಣದಲ್ಲೇ ಉತ್ತರ ಕೊಡ್ತಾ ಹೋಗ್ಬೇಕು.

ಈಗ 1962ಕ್ಕೆ ಬನ್ನಿ. ಅಮೆರಿಕದ ಕಪ್ಪು ಸ್ಯಾಕ್ಸೋಫೋನ್ ವಾದಕ ಆಲ್ಬರ್ಟ್ ಐಲರ್ ಸೇನೆಯ ಕೆಲಸ ಮುಗಿಸಿ ಸ್ವೀಡನ್‌ಗೆ ಹೋದರು. ಅವರ ಮೊದಲ ಆಲ್ಬಂ ರೆಕಾರ್ಡ್ ಆಗಿದ್ದು ನ್ಯೂಯಾರ್ಕ್‌ನಲ್ಲಲ್ಲ, ಅದೇ ಸ್ಟಾಕ್‌ಹೋಮ್‌ನಲ್ಲಿ. ಜೊತೆಗೆ ನುಡಿಸಿದ್ದು ಇಬ್ಬರು ಸ್ವೀಡನ್ನಿನವರು, ಒಬ್ಬರು ಬಾಸ್, ಇನ್ನೊಬ್ಬರು ಡ್ರಮ್ಸ್. 1965ರ ಡಿಸೆಂಬರ್‌ನಲ್ಲಿ ಆರ್ನೆಟ್ ಕೋಲ್ಮನ್ ಕೂಡ ಮೂವರ ತಂಡದ ಜೊತೆ ಅಲ್ಲಿನ 'ಗೋಲ್ಡನ್ ಸರ್ಕಲ್' ಕ್ಲಬ್‌ನಲ್ಲಿ ನುಡಿಸಿ ರೆಕಾರ್ಡ್ ಮಾಡಿದ್ರು. ಮತ್ತೆ ಅದೇ ಸ್ಯಾಕ್ಸೋಫೋನ್, ಬಾಸ್, ಡ್ರಮ್ಸ್!

ಕೋಲ್ಮನ್ ತಂಡದಲ್ಲಿ ಮೊದಲು ಕಾರ್ನೆಟ್ ಊದ್ತಿದ್ದ ಡಾನ್ ಚೆರಿ ಅಂತೂ ಸ್ವೀಡನ್‌ನಲ್ಲೇ ಮನೆ ಮಾಡಿದ್ರು, ಹಳ್ಳಿಯ ಒಂದು ಹಳೇ ಶಾಲಾ ಕಟ್ಟಡದಲ್ಲಿ. 'ದಿ ಥಿಂಗ್' ಅನ್ನೋದು ಅವರದೇ ಒಂದು ಕೃತಿಯ ಹೆಸರು. ಅವರ ಕೃತಿಗಳನ್ನ ನುಡಿಸೋಕೆ ಅಂತಲೇ ಈ ಬ್ಯಾಂಡ್ ಹುಟ್ಟಿದ್ದು.

ಗೊತ್ತಾಯ್ತಲ್ಲ? ಅತಿಥಿಗಳು ಬಂದು ಹೋಗಿ ಮೂವತ್ತು-ನಲವತ್ತು ವರ್ಷ ಆದ್ಮೇಲೆ ಬ್ಯಾಂಡ್ ಹುಟ್ಟಿತು.

ಲೆಡ್ಜರ್ ಬರೆಯೋ ನಾವು ಇದನ್ನ ಸಾಲ ಅಂತ ಬರ್ಕೋಬಹುದು. ಆದ್ರೆ ತೀರಿಸೋದು ಯಾರಿಗೆ? ಐಲರ್ 1970ರಲ್ಲಿ, ಬರೀ 34ನೇ ವಯಸ್ಸಿಗೆ ಹೋಗ್ಬಿಟ್ರು. ಚೆರಿ 1995ರಲ್ಲಿ ತೀರಿಕೊಂಡ್ರು. ಉಳಿದಿರೋ ದಾರಿ ಒಂದೇ: ಇರೋರನ್ನ ಕರೆದು ಪಕ್ಕದಲ್ಲಿ ನಿಲ್ಲಿಸ್ಕೊಳ್ಳೋದು.

ದಿ ಥಿಂಗ್ ಅದನ್ನೇ ಮಾಡಿತು. 2001ರಲ್ಲಿ 'ಶೀ ನೋಸ್' ಆಲ್ಬಂಗೆ ಅಮೆರಿಕದ ಜೋ ಮ್ಯಾಕ್‌ಫೀ ಬಂದ್ರು. ಆಗ ಅವರಿಗೆ ಅರವತ್ತು ದಾಟಿತ್ತು. ಮೊದಲು ಟ್ರಂಪೆಟ್ ಕಲಿತು, ಆಮೇಲೆ ಐಲರ್‌ನಂಥವರನ್ನ ಕೇಳಿ ಸ್ಯಾಕ್ಸೋಫೋನ್ ಎತ್ತಿಕೊಂಡವರು ಅವರು. 2007ರಲ್ಲಿ ಶಿಕಾಗೋದ ಕೆನ್ ವ್ಯಾಂಡರ್ಮಾರ್ಕ್ ಜೊತೆ ಇನ್ನೊಂದು ಆಲ್ಬಂ. 2012ರ 'ದಿ ಚೆರಿ ಥಿಂಗ್'ನಲ್ಲಿ ಹಾಡಿದ್ದು ಯಾರು ಗೊತ್ತಾ? ಡಾನ್ ಚೆರಿ ಸಾಕಿ ಬೆಳೆಸಿದ ಮಗಳು ನೆನೆ ಚೆರಿ.

ಕೇಳೋದಾದ್ರೆ ಐಲರ್‌ರ 1962ರ ರೆಕಾರ್ಡಿಂಗ್ ಮೊದಲು, 'ಶೀ ನೋಸ್' ಆಮೇಲೆ. ಹೆಡ್‌ಫೋನ್ ಹಾಕಿ, ವಾಲ್ಯೂಮ್ ಮಾತ್ರ ಕಮ್ಮಿ ಇಟ್ಕೊಳ್ಳಿ. ಮೊದಲ ಐದು ನಿಮಿಷ ಬರೀ ಗಲಾಟೆ ಅನ್ಸುತ್ತೆ, ಪರವಾಗಿಲ್ಲ. ಎರಡು ಸ್ಯಾಕ್ಸೋಫೋನ್‌ಗಳಲ್ಲಿ ಮನೆಯವರದ್ದು ಯಾವುದು, ಅತಿಥಿಯದ್ದು ಯಾವುದು ಅಂತ ಹುಡುಕ್ತಾ ಹೋಗಿ. ಸಿಕ್ತಾ, ಇಲ್ವಾ? ಕಾಮೆಂಟ್‌ನಲ್ಲಿ ಹೇಳಿ.