ಬೆಲ್ಟು, ಬ್ಲೋವರು ಮತ್ತು ಕಾಣದ ಗಾಳಿ

ಕಾರ್ಖಾನೆಯಲ್ಲಿ ಲೇತ್ ನಿಂತರೆ ಸೂಪರ್‌ವೈಸರ್ ಓಡಿ ಬರುತ್ತಾರೆ. ಕಂಪ್ರೆಸರ್ ನಿಂತರೆ ಇಡೀ ಶೆಡ್ಡೇ ಕೈಕಟ್ಟಿ ಕೂರುತ್ತದೆ. ಗಾಳಿಯಾಡಿಸುವ ಬ್ಲೋವರಿನ ಮಾತು ಬೇರೆ. ಬೆಲ್ಟು ಸಡಿಲವಾಗಿ, ತಳ್ಳಬೇಕಾದಷ್ಟು ಗಾಳಿಯನ್ನು ತಳ್ಳದೆ ಇದ್ದರೂ ಅದರ ಚಕ್ರ ತಿರುಗುತ್ತಲೇ ಇರುತ್ತದೆ, ಸದ್ದು ಕೇಳುತ್ತಲೇ ಇರುತ್ತದೆ. ಅಂದಿನ ಉತ್ಪಾದನೆಯ ಲೆಕ್ಕದಲ್ಲಿ ಏನೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಒಳಗೆ ದುಡಿಯುವವರ ಎದೆಗೆ ಸೇರುವ ಒಳ್ಳೆಯ ಗಾಳಿ. ಈ ಬ್ಲೋವರುಗಳ ಆರೈಕೆ ಬೆಳೆದು ಬಂದ ದಾರಿಯನ್ನು ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಬಂದ ಪ್ರತಿ ಸುಧಾರಣೆಯೂ ಒಂದು ಕಷ್ಟವನ್ನು ನಿಜಕ್ಕೂ ನೀಗಿಸಿತು, ಉಳಿದ ದೋಷವನ್ನು ಮಾತ್ರ ಇನ್ನಷ್ಟು ಮರೆಯ ಜಾಗಕ್ಕೆ ಸರಿಸಿತು.

ಗಣಿಯೊಳಕ್ಕೆ ಗಾಳಿ ತಳ್ಳುವ ಮರದ ಚಕ್ರಗಳ ಚಿತ್ರಗಳು 1556ರಲ್ಲಿ ಪ್ರಕಟವಾದ ಅಗ್ರಿಕೋಲನ ಗಣಿಗಾರಿಕೆಯ ಗ್ರಂಥದಲ್ಲೇ ಇವೆ. 1730ರ ದಶಕದಲ್ಲಿ ಡೆಸಾಗುಲಿಯೆ ಎಂಬಾತ ಬ್ರಿಟನ್ನಿನ ಸಂಸತ್ ಭವನಕ್ಕೆ ಕೈಯಿಂದ ತಿರುಗಿಸುವ ಗಾಳಿಚಕ್ರವೊಂದನ್ನು ಮಾಡಿಕೊಟ್ಟ. ಅಲ್ಲಿಯವರೆಗೂ ಬೆಲ್ಟಿನ ಪ್ರಶ್ನೆಯೇ ಇರಲಿಲ್ಲ. 1860ರ ಆಸುಪಾಸಿನಲ್ಲಿ ಬೆಲ್ಜಿಯಮ್ಮಿನ ಗಿಬಾಲ್ ರೂಪಿಸಿದ ಗಣಿ ಫ್ಯಾನುಗಳು ದೈತ್ಯಾಕಾರದವು. ನಿಧಾನವಾಗಿ ಸುತ್ತುತ್ತಿದ್ದುದರಿಂದ ಅವನ್ನು ಹಬೆ ಎಂಜಿನ್ನಿನ ಕ್ರ್ಯಾಂಕಿಗೆ ನೇರವಾಗಿಯೇ ಜೋಡಿಸಬಹುದಿತ್ತು. ಚಿಕ್ಕ ಚಕ್ರವನ್ನು ಜೋರಾಗಿ ಸುತ್ತಿಸಿದರೂ ಅಷ್ಟೇ ಗಾಳಿ ಸಿಗುತ್ತದೆ ಎಂದು ತೋರಿಸಿದ ಶೀಲೆ, ಕೇಪೆಲ್ ಮೊದಲಾದವರ ಫ್ಯಾನುಗಳು ಬಂದ ಮೇಲೆ ಎಂಜಿನ್ನಿನ ವೇಗ ಸಾಲದಾಯಿತು. ದೊಡ್ಡ ಪುಲ್ಲಿಯಿಂದ ಚಿಕ್ಕ ಪುಲ್ಲಿಗೆ ವೇಗ ಏರಿಸಿ ಕೊಡಲು ಬೆಲ್ಟೋ ಹಗ್ಗವೋ ಬೇಕೇ ಬೇಕಾಯಿತು.

ಫ್ಯಾನು ಗಣಿಯಿಂದ ಕಾರ್ಖಾನೆಗೆ ಬಂದದ್ದು ಧೂಳಿನ ದೆಸೆಯಿಂದ. ಬಾಸ್ಟನ್ನಿನಲ್ಲಿ ಚಪ್ಪಲಿ ಯಂತ್ರಗಳನ್ನು ಕಟ್ಟುತ್ತಿದ್ದ ಸ್ಟರ್ಟೆವಂಟ್, 1860ರ ದಶಕದಲ್ಲಿ ಆ ಯಂತ್ರಗಳೆಬ್ಬಿಸುವ ಧೂಳನ್ನು ಎಳೆದೊಗೆಯುವ ಬ್ಲೋವರುಗಳ ಕಡೆಗೆ ಹೊರಳಿದರು. ಸಾಣೆ ಹಿಡಿಯುವ, ಮೆರುಗು ಕೊಡುವ ಕಡೆ ಧೂಳು ಉಸಿರಿಗೆ ಸೇರುತ್ತಿದ್ದರೆ ಫ್ಯಾನು ಹಾಕಿಸುವಂತೆ ಹೇಳುವ ಅಧಿಕಾರವನ್ನು ಬ್ರಿಟನ್ನಿನ 1878ರ ಕಾರ್ಖಾನೆ ಕಾಯ್ದೆ ಇನ್‌ಸ್ಪೆಕ್ಟರಿಗೆ ಕೊಟ್ಟಿತು. ಭಾರತದ ನಂಟು ಬಂದದ್ದು ಚಹಾದಿಂದ. ಬೆಲ್‌ಫಾಸ್ಟಿನ ಸ್ಯಾಮ್ಯುಯೆಲ್ ಡೇವಿಡ್‌ಸನ್ 1864ರಲ್ಲಿ ಅಸ್ಸಾಮಿನ ಕಾಚಾರಿನ ಚಹಾ ತೋಟಕ್ಕೆ ಬಂದವರು. ಎಲೆ ಒಣಗಿಸಲು ಬಿಸಿಗಾಳಿಯ ಯಂತ್ರ ಕಟ್ಟುತ್ತಾ ಕಟ್ಟುತ್ತಾ ಅವರ ಗಮನ ಗಾಳಿ ಊದುವ ಚಕ್ರದ ಮೇಲೆಯೇ ನೆಟ್ಟಿತು. ಸುತ್ತುವ ದಿಕ್ಕಿಗೇ ಬಾಗಿದ ಹತ್ತಾರು ಸಣ್ಣ ರೆಕ್ಕೆಗಳಿರುವ 'ಸಿರೊಕ್ಕೊ' ಚಕ್ರಕ್ಕೆ 1898ರಲ್ಲಿ ಪೇಟೆಂಟ್ ಪಡೆದರು. ಇಂದು ಆಸ್ಪತ್ರೆಯ ಏಸಿ ಯಂತ್ರದಲ್ಲಿ ಅಳಿಲಿನ ಪಂಜರದಂತೆ ಕಾಣುವ ಬ್ಲೋವರ್ ಇದ್ದರೆ ಅದು ಆ ವಂಶದ್ದೇ.

ಆ ಕಾಲದ ಬೆಲ್ಟು ಚರ್ಮದ್ದು, ಚಪ್ಪಟೆ. ಶೆಡ್ಡಿನ ಮಾಡಿಗೆ ಆನಿಸಿ ಈ ತುದಿಯಿಂದ ಆ ತುದಿಗೆ ಲೈನ್ ಶಾಫ್ಟ್ ಓಡುತ್ತಿತ್ತು. ಅದರಿಂದ ಒಂದೊಂದು ಯಂತ್ರಕ್ಕೂ ಒಂದೊಂದು ಬೆಲ್ಟು ಇಳಿಯುತ್ತಿತ್ತು. ಚರ್ಮ ಮಳೆಗಾಲದಲ್ಲಿ ಹಿಗ್ಗಿ, ಬೇಸಿಗೆಯಲ್ಲಿ ಬಿಗಿಯುತ್ತದೆ. ಜಾರಿದರೆ ರಾಳ ಬಳಿಯುವುದು, ಒಣಗಿದರೆ ಹರಳೆಣ್ಣೆ ಸವರುವುದು, ಹಿಗ್ಗಿದರೆ ಒಂದು ತುಂಡು ಕತ್ತರಿಸಿ ಬಾರಿನಿಂದ ಮತ್ತೆ ಹೊಲಿಯುವುದು ದಿನನಿತ್ಯದ ಕೆಲಸ. ರಾಳ ಹಾಕಿದಾಗ ಹಿಡಿತ ಸಿಕ್ಕಿದರೂ ನಾಲ್ಕು ದಿನದಲ್ಲಿ ಬೆಲ್ಟಿನ ಮೈ ಗಾಜಿನಂತೆ ನುಣುಪಾಗಿ ಮೊದಲಿಗಿಂತ ಹೆಚ್ಚು ಜಾರುತ್ತಿತ್ತು. ಈ ಕೆಲಸದ ಅಪಾಯ ಎಷ್ಟಿತ್ತೆಂಬುದು ನಮ್ಮ 1948ರ ಕಾರ್ಖಾನೆ ಕಾಯ್ದೆಯ 22ನೇ ಸೆಕ್ಷನ್ ಓದಿದರೆ ತಿಳಿಯುತ್ತದೆ. ಓಡುತ್ತಿರುವ ಪುಲ್ಲಿಯ ಬೆಲ್ಟನ್ನು ಮುಟ್ಟುವವನು ತರಬೇತಾದವನಿರಬೇಕು, ಮೈಗೆ ಅಂಟಿದ ಬಟ್ಟೆ ತೊಟ್ಟಿರಬೇಕು, ಅವನ ಹೆಸರು ರಿಜಿಸ್ಟರಿನಲ್ಲಿರಬೇಕು, ಬೆಲ್ಟಿನ ಅಗಲ 15 ಸೆಂಟಿಮೀಟರ್ ಮೀರಿರಬಾರದು, ಕಾಲೂರಲು ಗಟ್ಟಿ ನೆಲೆಯಿರಬೇಕು ಎಂದು ಅದು ವಿಧಿಸಿತ್ತು. ಒಂದೊಂದು ಮಾತಿನ ಹಿಂದೆಯೂ ಯಾರದೋ ಕೈ, ಯಾರದೋ ತೋಳು ಹೋಗಿರುತ್ತದೆ ಎಂದೇ ನನಗೆ ಅನಿಸುವುದು.

ಈ ಆರೈಕೆಯನ್ನು ಅಂದಾಜಿನಿಂದ ಅಳತೆಗೆ ತಂದವರು ಫ್ರೆಡರಿಕ್ ಟೇಲರ್. ಕೆಲಸಗಾರರ ಪ್ರತಿ ಚಲನೆಗೂ ಗಡಿಯಾರ ಹಿಡಿದವರೆಂಬ ಅಪಖ್ಯಾತಿ ಅವರಿಗಿದೆ, ಅದರಲ್ಲಿ ಸತ್ಯವೂ ಇದೆ. ಬೆಲ್ಟಿನ ವಿಷಯದಲ್ಲಿ ಮಾತ್ರ ಅವರು ಮಾಡಿದ್ದು ಶುದ್ಧ ಉಪಕಾರ. ಅಮೆರಿಕದ ಉಕ್ಕಿನ ಕಾರ್ಖಾನೆಯೊಂದರಲ್ಲಿ 9 ವರ್ಷ ಕಾಲ ಬೆಲ್ಟುಗಳ ಬಿಗಿತವನ್ನು ಸ್ಪ್ರಿಂಗ್ ತಕ್ಕಡಿಯಿಂದ ಅಳೆದು, ಬಿಗಿಸಿದ ದಿನ, ರಿಪೇರಿಯ ಖರ್ಚುಗಳನ್ನು ಬರೆದಿಟ್ಟು, 1893ರಲ್ಲಿ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಮಂಡಿಸಿದರು. ಪುಸ್ತಕಗಳು ಹೇಳುವುದಕ್ಕಿಂತ ಅಗಲವಾದ ಬೆಲ್ಟನ್ನು ಹಗುರ ಹೊರೆಯಲ್ಲಿ ಓಡಿಸಿ, ಬೆಲ್ಟಿನ ಬೆಲೆಗಿಂತ ಕೆಲಸ ನಿಂತ ಹೊತ್ತಿನ ಬೆಲೆ ದೊಡ್ಡದು ಎಂಬುದು ಅವರ ವಾದ. ಇಂದಿಗೂ ಮೇಂಟೆನೆನ್ಸ್ ವಿಭಾಗದವರು ಮಾಲೀಕರ ಮುಂದೆ ಹೇಳಲು ಹೆಣಗುವುದು ಇದನ್ನೇ.

ಬೇರಿಂಗಿನ ಕಥೆಯೂ ಬೆಲ್ಟಿನ ಜೊತೆಗೇ ಸಾಗುತ್ತದೆ. ಬೆಲ್ಟು ಶಾಫ್ಟನ್ನು ಸದಾ ಒಂದೇ ಕಡೆಗೆ ಎಳೆಯುತ್ತಿರುತ್ತದೆ. ಆ ಎಳೆತವನ್ನು ತಾಳುವುದು ಬೇರಿಂಗು. ಮೊದಲಿಗೆ ಮೃದು ಲೋಹದ ಹಾಸಿನ ಮೇಲೆ ಎಣ್ಣೆಯಲ್ಲಿ ತೇಲುವ ಶಾಫ್ಟುಗಳಿದ್ದವು, ಅವಕ್ಕೆ ಎಣ್ಣೆ ಹಾಕಲೆಂದೇ ಆಳುಗಳಿದ್ದರು. ಸ್ವೀಡನ್ನಿನ ಗೋಥೆನ್‌ಬರ್ಗಿನ ಬಟ್ಟೆ ಗಿರಣಿಯೊಂದರಲ್ಲಿ ಎಂಜಿನಿಯರಾಗಿದ್ದ ಸ್ವೆನ್ ವಿಂಕ್ವಿಸ್ಟ್‌ಗೆ ಬೇರೆಯದೇ ತಲೆನೋವು. ಗಿರಣಿ ನಿಂತಿದ್ದ ಜೇಡಿ ನೆಲ ಕುಸಿದಂತೆಲ್ಲ ಲೈನ್ ಶಾಫ್ಟು ಸೊಟ್ಟಗಾಗಿ ಬೇರಿಂಗುಗಳು ಸುಟ್ಟು ಹೋಗುತ್ತಿದ್ದವು. ಶಾಫ್ಟು ಕೊಂಚ ಓರೆಯಾದರೆ ತಾನೂ ಓರೆಯಾಗಿ ಹೊಂದಿಕೊಳ್ಳುವ ಎರಡು ಸಾಲಿನ ಗುಂಡುಗಳ ಬೇರಿಂಗನ್ನು ಅವರು 1907ರಲ್ಲಿ ರೂಪಿಸಿದರು. ಎಸ್‌ಕೆಎಫ್ ಕಂಪನಿ ಹುಟ್ಟಿದ್ದೂ ಆಗಲೇ. ನಮ್ಮ ಶೆಡ್ಡುಗಳ ಬ್ಲೋವರುಗಳಲ್ಲಿ ಬೇರಿಂಗು ಕೂರುವ ಪ್ಲಮ್ಮರ್ ಬ್ಲಾಕ್ ತೆರೆದಾಗ ಇಂದಿಗೂ ಕೈಗೆ ಸಿಗುವುದು ಬಹಳ ಮಟ್ಟಿಗೆ ಆ ಜಾತಿಯ ಬೇರಿಂಗೇ.

ಆಮೇಲೆ ವಿದ್ಯುತ್ತು ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು ನಮ್ಮ ನಾಡಿನ ಮಟ್ಟಿಗೆ ಆ ತಿರುವು. ಪ್ರತಿ ಯಂತ್ರಕ್ಕೂ ಅದರದೇ ಮೋಟಾರು ಬಂದಾಗ ಲೈನ್ ಶಾಫ್ಟು ಮೂಲೆ ಸೇರಿತು. ಮೋಟಾರು ಮತ್ತು ಫ್ಯಾನಿನ ನಡುವಿನ ಅಂತರ ಮಾರುಗಳಿಂದ ಗೇಣುಗಳಿಗೆ ಇಳಿಯಿತು. ಅಷ್ಟು ಹತ್ತಿರದಲ್ಲಿ ಚಿಕ್ಕ ಪುಲ್ಲಿಯನ್ನು ಚಪ್ಪಟೆ ಬೆಲ್ಟು ಸಾಕಷ್ಟು ಅಪ್ಪಿಕೊಳ್ಳದೆ ಜಾರುತ್ತದೆ. ಅದಕ್ಕೆ ಉತ್ತರವಾಗಿ ಬಂದದ್ದು ವಿ-ಬೆಲ್ಟು. 1917ರಲ್ಲಿ ಡೆನ್ವರಿನ ಜಾನ್ ಗೇಟ್ಸ್ ಮೋಟಾರು ಕಾರಿಗೆಂದು ರಬ್ಬರಿನ ವಿ-ಬೆಲ್ಟು ಮಾಡಿದರು. 1920ರ ದಶಕದಲ್ಲಿ ಆಲಿಸ್-ಚಾಮರ್ಸ್ ಕಂಪನಿ ಹಲವು ವಿ-ಬೆಲ್ಟುಗಳನ್ನು ಒಂದೇ ಪುಲ್ಲಿಯ ತೋಡುಗಳಲ್ಲಿ ಸಾಲಾಗಿ ಕೂರಿಸಿ ಕಾರ್ಖಾನೆಗೆ ತಂದಿತು. ತೋಡಿನ ಎರಡು ಓರೆ ಗೋಡೆಗಳ ನಡುವೆ ಬೆಲ್ಟು ಬೆಣೆಯಾಗಿ ಸಿಕ್ಕಿಕೊಳ್ಳುವುದರಿಂದ ಕಡಿಮೆ ಬಿಗಿತದಲ್ಲೂ ಹಿಡಿತ ಗಟ್ಟಿ. ಹೊಲಿಗೆ ಬೇಡ, ರಾಳ ಬೇಡ, ಎಣ್ಣೆ ಬೇಡ.

ಬೆಲ್ಟಿನ ಆರೈಕೆಗೆಂದೇ ಇದ್ದ ಆಳು ಮರೆಯಾದದ್ದು ಇಲ್ಲಿಯೇ. ಚಪ್ಪಟೆ ಬೆಲ್ಟು ಕೆಟ್ಟರೆ ಕಳಚಿ ಬೀಳುತ್ತಿತ್ತು, ಎಲ್ಲರಿಗೂ ಕಾಣುತ್ತಿತ್ತು. ವಿ-ಬೆಲ್ಟು ಕೆಟ್ಟರೂ ಗಾರ್ಡಿನೊಳಗೆ ಓಡುತ್ತಲೇ ಇರುತ್ತದೆ. ಫ್ಯಾನಿನ ನಿಯಮಗಳನ್ನು ಇಟ್ಟುಕೊಂಡು ಒಂದು ಲೆಕ್ಕ ಹಾಕೋಣ. ಮೋಟಾರು 1440 ಆರ್‌ಪಿಎಂ, ಪುಲ್ಲಿಗಳು 150 ಮತ್ತು 300 ಮಿಲಿಮೀಟರ್. ಫ್ಯಾನು 720 ಸುತ್ತಬೇಕು. ಬೆಲ್ಟು 5% ಜಾರಿದರೆ ಅದು 684ಕ್ಕೆ ಇಳಿಯುತ್ತದೆ. ಗಾಳಿ 5% ಕಡಿಮೆ. ಒತ್ತಡ ವೇಗದ ವರ್ಗದಂತೆ ಬದಲಾಗುವುದರಿಂದ ಅದು ಸುಮಾರು 10% ಕಡಿಮೆ. ಮೋಟಾರಿನ ಮೇಲಿನ ಹೊರೆಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಪ್ಯಾನೆಲ್‌ನಲ್ಲಿ ಆಂಪಿಯರ್ ಇಳಿದದ್ದನ್ನು ಕಂಡವರು ಕರೆಂಟು ಉಳಿಯಿತೆಂದು ಸಂತೋಷಪಡುವ ಅಪಾಯವಿದೆ. ಅದೇ ಹೊತ್ತಿಗೆ ಜಾರಿಕೆಯ ಶಾಖ ಬೆಲ್ಟನ್ನು ಒಳಗೊಳಗೇ ಬೇಯಿಸುತ್ತಿರುತ್ತದೆ. ಬೆಲ್ಟಿನ ಮೈಶಾಖ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಬಾಳಿಕೆ ಅರ್ಧವಾಗುತ್ತದೆ ಎಂಬುದು ತಯಾರಕರೇ ಒಪ್ಪುವ ಅಂದಾಜು.

ಆದ್ದರಿಂದ ಬೆಲ್ಟು ಹಾಕುವ ಹೊತ್ತಿನ ಶಿಸ್ತೇ ಈ ಕಸುಬಿನ ತಿರುಳು. ಸ್ಕ್ರೂಡ್ರೈವರಿನಿಂದ ಮೀಟಿ ಬೆಲ್ಟನ್ನು ಪುಲ್ಲಿಯ ಅಂಚಿನ ಮೇಲೆ ಹಾಯಿಸಬಾರದು; ಒಳಗಿನ ಎಳೆ ತುಂಡಾಗುತ್ತದೆ, ಹೊರಗೆ ಗುರುತೂ ಉಳಿಯುವುದಿಲ್ಲ. ಮೋಟಾರನ್ನು ಹಳಿಯ ಮೇಲೆ ಫ್ಯಾನಿನ ಕಡೆಗೆ ಸರಿಸಿ, ಬೆಲ್ಟು ಕೂರಿಸಿ, ಆಮೇಲೆ ಬಿಗಿಸಬೇಕು. ಎರಡು ಪುಲ್ಲಿಗಳ ನಡುವಿನ ಬೆಲ್ಟಿನ ಉದ್ದ ಒಂದು ಮೀಟರ್ ಇದ್ದರೆ, ನಿಗದಿತ ಬಲದಲ್ಲಿ ಒತ್ತಿದಾಗ ನಡು 16 ಮಿಲಿಮೀಟರ್ ತಗ್ಗಬೇಕು. ಹೆಬ್ಬೆರಳಿನಿಂದ ಒತ್ತಿ ಹೇಳುವ ಅನುಭವಿ ಫಿಟ್ಟರುಗಳನ್ನು ನಾನು ಗೌರವಿಸುತ್ತೇನೆ, ಆದರೂ ನಾಲ್ಕು ಬೆಲ್ಟಿನ ಡ್ರೈವಿನಲ್ಲಿ ಹೆಬ್ಬೆರಳು ಸಾಲದು, ಸ್ಪ್ರಿಂಗ್ ಅಳತೆಗೋಲು ಬೇಕು. ಹೊಸ ಬೆಲ್ಟು ಒಂದು ದಿನ ಓಡಿ ತೋಡಿನಲ್ಲಿ ಕೂತ ಮೇಲೆ ಮತ್ತೆ ಬಿಗಿಸುವುದು ಕಡ್ಡಾಯ. ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ನಾಲ್ಕರಲ್ಲಿ ಒಂದು ಹರಿದರೆ ಒಂದನ್ನೇ ಹಾಕುವ ಉಳಿತಾಯವೂ ನಷ್ಟದ್ದು: ಹಳೆಯವು ಹಿಗ್ಗಿರುವುದರಿಂದ ಹೊರೆಯೆಲ್ಲ ಹೊಸದರ ಮೇಲೆ ಬಿದ್ದು ಅದೇ ಮೊದಲು ಹೋಗುತ್ತದೆ. ತೋಡಿನ ಗೋಡೆ 0.8 ಮಿಲಿಮೀಟರಿಗಿಂತ ಹೆಚ್ಚು ಸವೆದಿದ್ದರೆ ಪುಲ್ಲಿಯೂ ಬದಲಾಗಬೇಕು. ತೋಡಿನ ತಳ ಹೊಳೆಯುತ್ತಿದೆ ಎಂದರೆ ಬೆಲ್ಟು ತಳ ಮುಟ್ಟಿ ಬೆಣೆಯ ಗುಣವನ್ನೇ ಕಳೆದುಕೊಂಡಿದೆ. ಪುಲ್ಲಿಗಳು ಅರ್ಧ ಡಿಗ್ರಿಗಿಂತ, ಅಂದರೆ ಮೀಟರಿಗೆ 9 ಮಿಲಿಮೀಟರಿಗಿಂತ ಹೆಚ್ಚು ಓರೆಯಿರಬಾರದು. ಇದಕ್ಕೆ ಲೇಸರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಎಳೆದು ಹಿಡಿದ ದಾರವೂ ಸಾಕು.

ಜಾರುತ್ತದೆ ಎಂಬ ಹೆದರಿಕೆಗೆ ಅತಿಯಾಗಿ ಬಿಗಿಸಿದರೆ ಪೆಟ್ಟು ಬೇರಿಂಗಿಗೆ. ಗುಂಡಿನ ಬೇರಿಂಗಿನ ಮೇಲೆ ಹೊರೆ ಎರಡರಷ್ಟಾದರೆ ಲೆಕ್ಕದ ಬಾಳಿಕೆ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಮೋಟಾರಿನ ಪುಲ್ಲಿ ಕಡೆಯ ಬೇರಿಂಗೇ ಪದೇ ಪದೇ ಹೋಗುತ್ತಿದ್ದರೆ ಬೇರಿಂಗಿನ ಕಂಪನಿಯನ್ನು ದೂರುವ ಮೊದಲು ಬೆಲ್ಟಿನ ಬಿಗಿತ ನೋಡಬೇಕು. ಗ್ರೀಸಿನಲ್ಲೂ ಇದೇ ಅತಿ. ಗನ್ ಹಚ್ಚಿ ಉಕ್ಕುವವರೆಗೆ ತುಂಬಿದರೆ ಗುಂಡುಗಳು ಗ್ರೀಸನ್ನು ಕಡೆದು ಕಡೆದು ಬಿಸಿಯೇರುತ್ತವೆ. ಹೌಸಿಂಗಿನ ಖಾಲಿ ಜಾಗದ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ತುಂಬಿದರೆ ಸಾಕು.

ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಆರೈಕೆಯ ಬಗೆಗಿನ ಯೋಚನೆಯೇ ಬದಲಾಗತೊಡಗಿತು. ಯಂತ್ರದಲ್ಲಿ ಎಷ್ಟು ನಡುಕವನ್ನು ಸಹಿಸಬಹುದು ಎಂದು ಎಂಜಿನಿಯರ್ ರಾಥ್‌ಬೋನ್ 1939ರಲ್ಲಿ ನಕ್ಷೆಯೊಂದನ್ನು ಕೊಟ್ಟಿದ್ದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನಗಳ ದಾಖಲೆ ನೋಡಿದ ವಿಜ್ಞಾನಿ ವಾಡಿಂಗ್ಟನ್ ತಂಡಕ್ಕೆ ಕಂಡದ್ದು, ನಿಗದಿತ ತಪಾಸಣೆ ಮುಗಿದ ಕೂಡಲೇ ರಿಪೇರಿಗಳು ಹೆಚ್ಚುತ್ತವೆ ಎಂಬುದು; ಚೆನ್ನಾಗಿ ಓಡುವುದನ್ನು ಬಿಚ್ಚಿ ಕಟ್ಟುವುದೂ ಕೆಡುಕೇ. 1978ರಲ್ಲಿ ನೌಲನ್ ಮತ್ತು ಹೀಪ್ ಎಂಬಿಬ್ಬರು ಇದನ್ನು ಶಾಸ್ತ್ರವಾಗಿಯೇ ಬರೆದರು. ಕೈಗಾರಿಕೆಯ ಫ್ಯಾನುಗಳಿಗೆಂದೇ 2003ರಲ್ಲಿ ಐಎಸ್‌ಒ 14694 ಬಂತು: ಗಟ್ಟಿ ತಳದ ಮೇಲೆ ಕೂತ ಸಾಮಾನ್ಯ ಕೈಗಾರಿಕಾ ಫ್ಯಾನು ಹೊಸದರಲ್ಲಿ ಸೆಕೆಂಡಿಗೆ 4.5 ಮಿಲಿಮೀಟರ್ ನಡುಕದೊಳಗಿರಬೇಕು, 7.1 ತಲುಪಿದರೆ ಎಚ್ಚರ, 9.0ಕ್ಕೆ ನಿಲ್ಲಿಸಬೇಕು. ಹೆಚ್ಚಿನ ನಡುಕಕ್ಕೆ ಕಾರಣ ತೀರ ಸರಳ: ರೆಕ್ಕೆಗಂಟಿದ ಧೂಳು ಒಂದು ಕಡೆ ಕಳಚಿ ಇನ್ನೊಂದು ಕಡೆ ಉಳಿದಿರುತ್ತದೆ. ಚಕ್ರ ತೊಳೆಯದೆ ಬ್ಯಾಲೆನ್ಸಿಗೆ ಜನ ಕರೆಸುವುದು ಹಣ ದಂಡ.

ತೊಳೆಯಲು ಕೈ ಹಾಕುವ ಮೊದಲು ಒಂದು ಮಾತು ಹೇಳಲೇಬೇಕು. ಮೆಯಿನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿದರೂ ಪಕ್ಕದ ಫ್ಯಾನುಗಳ ಎಳೆತಕ್ಕೆ, ಹೊರಗಿನ ಗಾಳಿಗೆ ಚಕ್ರ ತಾನಾಗಿ ತಿರುಗುತ್ತದೆ. ಅದನ್ನು ಮರದ ತುಂಡಿನಿಂದಾದರೂ ತಡೆದು ನಿಲ್ಲಿಸದೆ ಬೆಲ್ಟನ್ನು ಮುಟ್ಟಕೂಡದು. ಬೆಲ್ಟು ಮತ್ತು ಪುಲ್ಲಿಯ ನಡುವೆ ಬೆರಳು ಸಿಕ್ಕಲು ಅರ್ಧ ಸುತ್ತು ಸಾಕು.

ಈಗ ಈ ವಿ-ಬೆಲ್ಟಿಗೇ ಕುತ್ತು ಬಂದಿದೆ. ಒಳಮೈಯಲ್ಲಿ ಹಲ್ಲಿನಂಥ ಕಚ್ಚುಗಳಿರುವ ಬೆಲ್ಟು ಸಾಮಾನ್ಯ ವಿ-ಬೆಲ್ಟಿಗಿಂತ ಸುಮಾರು 2% ಹೆಚ್ಚು ದಕ್ಷ. ಮೋಟಾರಿನ ವೇಗವನ್ನೇ ಬದಲಿಸುವ ವಿಎಫ್‌ಡಿ ಬಂದ ಮೇಲೆ ಪುಲ್ಲಿ ಬದಲಿಸಿ ವೇಗ ಹೊಂದಿಸುವ ಅಗತ್ಯವೂ ತಪ್ಪಿತು, ಮೋಟಾರಿಗೆ ನೇರ ಕೂರಿಸಿದ ಚಕ್ರಗಳು ಹೆಚ್ಚಿದವು. ಯುರೋಪು 2013ರಿಂದ ಫ್ಯಾನುಗಳಿಗೆ ಕನಿಷ್ಠ ದಕ್ಷತೆಯನ್ನು ಕಡ್ಡಾಯ ಮಾಡಿ ಆ ಒಲವನ್ನು ಇನ್ನಷ್ಟು ದೂಡಿತು. ಆದರೂ ಬಿಸಿಗಾಳಿ, ಆವಿ, ಬಣ್ಣದ ಹನಿ ಎಳೆಯುವ ಕಡೆ ಮೋಟಾರನ್ನು ಗಾಳಿಯ ದಾರಿಯಿಂದ ಹೊರಗಿಡಲು ಬೆಲ್ಟೇ ಸುಲಭದ ದಾರಿ. ನಮ್ಮ ಕೋಳಿ ಸಾಕಣೆಯ ಮುಚ್ಚಿದ ಶೆಡ್ಡುಗಳಲ್ಲಿ, ಗಾರ್ಮೆಂಟ್ಸ್ ಕಾರ್ಖಾನೆಗಳ ಗೋಡೆಗಳಲ್ಲಿ, ಗಂಗಾವತಿ ಕಡೆಯ ಅಕ್ಕಿ ಗಿರಣಿಗಳಲ್ಲಿ ಇಂದಿಗೂ ತಿರುಗುತ್ತಿರುವುದು ಬೆಲ್ಟಿನ ಫ್ಯಾನುಗಳೇ. ಕೋಳಿ ಶೆಡ್ಡಿನವರು ಬೆಲ್ಟಿನ ಬಗ್ಗೆ ಎಚ್ಚರವಾಗಿರುತ್ತಾರೆ, ಏಕೆಂದರೆ ಬೇಸಿಗೆಯ ಮಧ್ಯಾಹ್ನ ಗಾಳಿ ತಗ್ಗಿದರೆ ಕೋಳಿ ಕೂಡಲೇ ಸಾಯುತ್ತದೆ. ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಕ್ಕಳಿಗೆ ತಲೆನೋವು, ಸುಸ್ತು ಬರುತ್ತದೆ, ಅದು ಯಾವ ಲೆಕ್ಕಕ್ಕೂ ಬರೆಯಲ್ಪಡುವುದಿಲ್ಲ. ಈ ವ್ಯತ್ಯಾಸ ನನ್ನನ್ನು ಬಹಳ ಕಾಡಿದೆ.

ಬೇರಿಂಗಿಗೆ ಅಂಟಿಸಿ ಫೋನಿಗೆ ಸಂದೇಶ ಕಳಿಸುವ ಸೆನ್ಸರುಗಳು ಈಗ ಮಾರುಕಟ್ಟೆಯಲ್ಲಿವೆ. ಅವು ನಡುಕ ಮತ್ತು ಶಾಖ ಹೇಳುತ್ತವೆ. ಗಾಳಿ ಎಷ್ಟು ಹೋಯಿತೆಂದು ಹೇಳುವುದಿಲ್ಲ. ಅದಕ್ಕಿಂತ ಮೊದಲು ಆಗಬೇಕಾದದ್ದು, ಫಿಲ್ಟರ್ ಇರುವ ಬ್ಲೋವರಿನ ಡಕ್ಟಿಗೂ ಫಿಲ್ಟರಿನ ಎರಡು ಮಗ್ಗುಲಿಗೂ ನೀರು ತುಂಬಿದ ಯು ಆಕಾರದ ಪಾರದರ್ಶಕ ಕೊಳವೆಗಳನ್ನು ಜೋಡಿಸಿ, ಹೊಸ ಬೆಲ್ಟು ಮತ್ತು ಶುದ್ಧ ಫಿಲ್ಟರ್ ಇದ್ದ ದಿನದ ಮಟ್ಟವನ್ನು ಬಣ್ಣದಲ್ಲಿ ಗುರುತು ಮಾಡುವುದು. ಆಂಪಿಯರ್ ಇಳಿದು ಫಿಲ್ಟರಿನ ಆಚೀಚಿನ ಒತ್ತಡದ ಅಂತರ ಏರಿದ್ದರೆ ಫಿಲ್ಟರ್ ಕಟ್ಟಿದೆ. ಆಂಪಿಯರ್ ಇಳಿದು ಎರಡೂ ಕೊಳವೆಗಳ ಮಟ್ಟ ಇಳಿದಿದ್ದರೆ ಗಾರ್ಡ್ ಬಿಚ್ಚಿ ಬೆಲ್ಟು ನೋಡಬೇಕು.