ವಿದ್ಯುಜ್ಜಾಲದ ಸ್ಥಿರತೆ ಮತ್ತು ಯಂತ್ರಬುದ್ಧಿ: ಪ್ರೊ. ಎಂ. ಎ. ಪೈ ಅವರ ವಿದ್ವತ್‌ಪಥ

ದಕ್ಷಿಣೇಶ್ವರವೆಂದೊಡನೆ ರಾಣಿ ರಾಸಮಣಿ ಕಟ್ಟಿಸಿ 1855ರಲ್ಲಿ ಪ್ರತಿಷ್ಠೆಗೊಂಡ ಭವತಾರಿಣಿಯ ಮಂದಿರವೂ ಶ್ರೀ ರಾಮಕೃಷ್ಣರೂ ನಮ್ಮ ನೆನಪಿಗೆ ಬರುವುದು ಸಹಜ. ಅಲ್ಲಿಗೆ ಸಮೀಪದಲ್ಲೇ, ಬರಾನಗರದ ಬಿ.ಟಿ. ರಸ್ತೆಯಲ್ಲಿ, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಇದೆ. ಪ್ರಶಾಂತಚಂದ್ರ ಮಹಲನೋಬಿಸ್ ಅವರು 1931ರಲ್ಲಿ ಸ್ಥಾಪಿಸಿದ ಈ ಸಂಸ್ಥೆಗೆ 1955ರಲ್ಲಿ ದೇಶದ ಮೊದಲ ಅಂಕೀಯ ಗಣಕಯಂತ್ರ ಬಂದಿತು. ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು ಸುಮಾರು ನಾಲ್ಕು ದಶಕ ದುಡಿದುದೂ ಇದೇ ಸಂಸ್ಥೆಯಲ್ಲಿ. ಮುಂದೆ ಶಂಕರ ಕುಮಾರ್ ಪಾಲ್ ಅವರು ಇಲ್ಲಿ ಯಂತ್ರಬುದ್ಧಿಯ ಅಧ್ಯಯನ ವಿಭಾಗವನ್ನು ಬೆಳೆಸಿದರು.

ಯಂತ್ರಬುದ್ಧಿಗೂ ನಮ್ಮ ಮನೆಯ ದೀಪಕ್ಕೂ ಏನು ಸಂಬಂಧ? 2012ರ ಜುಲೈ 31ರಂದು ಉತ್ತರ, ಪೂರ್ವ ಮತ್ತು ಈಶಾನ್ಯ ವಲಯಗಳ ವಿದ್ಯುಜ್ಜಾಲ ಒಟ್ಟಿಗೆ ಕುಸಿಯಿತು. ಅರವತ್ತು ಕೋಟಿಗೂ ಮಿಕ್ಕ ಜನರು ವಾಸಿಸುವ ಪ್ರದೇಶ ಕತ್ತಲಾಯಿತು, ರೈಲುಗಳು ನಿಂತವು. ಕೋಲ್ಕತ್ತ ನಗರದ ಜಾಲ ದ್ವೀಪದಂತೆ ಪ್ರತ್ಯೇಕಗೊಂಡು ಉಳಿದುಕೊಂಡಿತು. ಏಕಮುಖ ವಿದ್ಯುತ್ತಿನ ಕೊಂಡಿಗಳಿಂದ ಮಾತ್ರ ಕೂಡಿಕೊಂಡಿದ್ದ ದಕ್ಷಿಣ ಭಾರತವೂ ಪಾರಾಯಿತು. ಆದರೆ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣವೂ ರಾಷ್ಟ್ರೀಯ ಜಾಲವನ್ನು ಸೇರಿತು. ಅಂದಿನಿಂದ ಬೆಂಗಳೂರಿನ ದೀಪವೂ ದಕ್ಷಿಣೇಶ್ವರದ ದೀಪವೂ ಸೆಕೆಂಡಿಗೆ 50 ಆವರ್ತನಗಳ ಒಂದೇ ಲಯಕ್ಕೆ ಬದ್ಧವಾಗಿವೆ. ಆ ಲಯ ತಪ್ಪದಂತೆ ಕಾಯುವುದೇ ಸ್ಥಿರತೆಯ ಶಾಸ್ತ್ರ.

ಈ ಶಾಸ್ತ್ರದಲ್ಲಿ ವಿಶ್ವಮಾನ್ಯರಾದವರು ಕರ್ನಾಟಕ ಮೂಲದ ಮಂಗಳೂರು ಅನಂತ ಪೈ. 1931ರಲ್ಲಿ ಜನಿಸಿದ ಅವರು 1953ರಲ್ಲಿ ಮದರಾಸು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪದವಿ ಪಡೆದು, ಕೆಲವು ವರ್ಷ ಮುಂಬಯಿಯ ವಿದ್ಯುತ್ ಸರಬರಾಜು ಸಂಸ್ಥೆಯಲ್ಲಿ ದುಡಿದರು. 1961ರಲ್ಲಿ ಬರ್ಕ್ಲಿಯಲ್ಲಿ ಡಾಕ್ಟರೇಟ್ ಮುಗಿಸಿ, 1963ರಿಂದ 1981ರವರೆಗೆ ಕಾನ್ಪುರದ ಐ.ಐ.ಟಿ.ಯಲ್ಲಿಯೂ ಅನಂತರ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿಯೂ ಬೋಧಿಸಿದರು. 1974ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಅವರಿಗೆ ಸಂದಿತು. ಪೀಟರ್ ಸಾವರ್ ಅವರೊಡನೆ ಬರೆದು 1998ರಲ್ಲಿ ಪ್ರಕಟಿಸಿದ ವಿದ್ಯುತ್ ವ್ಯವಸ್ಥೆಗಳ ಚಲನಶಾಸ್ತ್ರದ ಗ್ರಂಥ ಅನೇಕ ದೇಶಗಳಲ್ಲಿ ಪಠ್ಯವಾಗಿದೆ.

ಅವರು ಶ್ರಮಿಸಿದ ಸಮಸ್ಯೆಯನ್ನು ಹೀಗೆ ತಿಳಿಯಬಹುದು. ಬಟ್ಟಲಿನ ತಳದಲ್ಲಿರುವ ಗೋಲಿಯನ್ನು ಮೆಲ್ಲನೆ ತಳ್ಳಿದರೆ ಅದು ಹೊಯ್ದಾಡಿ ಮರಳಿ ನಿಲ್ಲುತ್ತದೆ. ಬಲವಾಗಿ ತಳ್ಳಿದರೆ ಅಂಚು ದಾಟಿ ಬೀಳುತ್ತದೆ. ತಂತಿಯಲ್ಲಿ ದೋಷ ಸಂಭವಿಸಿದಾಗ ಜನಿತ್ರಗಳೂ ಹೀಗೆಯೇ ವೇಗ ಪಡೆಯುತ್ತವೆ. ಸೆಕೆಂಡಿನ ಒಂದಂಶದೊಳಗೆ ದೋಷವನ್ನು ಬೇರ್ಪಡಿಸದಿದ್ದರೆ ಲಯ ತಪ್ಪುತ್ತದೆ. ಆ ಗಡುವನ್ನು ದೀರ್ಘ ಗಣನೆಯಿಲ್ಲದೆ, ಶಕ್ತಿಯ ಅಳತೆಯಿಂದಲೇ ಅರಿಯುವ ಲ್ಯಾಪುನೋವ್ ವಿಧಾನವನ್ನು ಪೈ ಅವರು ಅನೇಕ ಜನಿತ್ರಗಳ ಜಾಲಕ್ಕೆ ಅನ್ವಯಿಸಿ, 1981 ಮತ್ತು 1989ರಲ್ಲಿ ಗ್ರಂಥಗಳನ್ನು ಹೊರತಂದರು.

ಅದೇ 1989ರಲ್ಲಿ ಸೊಬಾಜಿಕ್ ಮತ್ತು ಯೋಹಾನ್ ಪಾವೊ ಎಂಬ ವಿಜ್ಞಾನಿಗಳು ಕೃತಕ ನರಜಾಲಕ್ಕೆ ಉದಾಹರಣೆಗಳನ್ನು ಕಲಿಸಿ, ಇದೇ ಗಡುವನ್ನು ಅಂದಾಜಿಸಬಹುದೆಂದು ತೋರಿಸಿದರು. ವಿದ್ಯುತ್ ಶಾಸ್ತ್ರವೂ ಯಂತ್ರಬುದ್ಧಿಯೂ ಸಂಧಿಸಿದ ಆರಂಭದ ಪ್ರಯತ್ನಗಳಲ್ಲಿ ಇದೊಂದು. ಬಿಸಿಲು, ಗಾಳಿಗಳ ವಿದ್ಯುತ್ತು ಹೆಚ್ಚಿ ಜಾಲದ ಸ್ಥಿತಿ ಕ್ಷಣಕ್ಷಣಕ್ಕೂ ಬದಲಾಗುವ ಇಂದಿನ ದಿನಗಳಲ್ಲಿ ಇಂಥ ಶೀಘ್ರ ಉತ್ತರ ಅಗತ್ಯ. ಆದರೆ ಕಲಿಯದ ಸನ್ನಿವೇಶ ಎದುರಾದರೆ ನರಜಾಲ ತಪ್ಪಬಹುದು. ಆ ತಪ್ಪಿನ ಬೆಲೆ ಆಸ್ಪತ್ರೆಯ, ರೈಲಿನ, ನೀರಿನ ಕೊಳವೆಯ ಕತ್ತಲು. ಆದ್ದರಿಂದ ಯಂತ್ರದ ಉತ್ತರವನ್ನು ಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡಬಲ್ಲ ವಿದ್ವಾಂಸರು ಬೇಕು.

ನಮ್ಮ ಮಕ್ಕಳಲ್ಲಿ ಅನೇಕರು ಇಂದು ಯಂತ್ರಬುದ್ಧಿಯನ್ನೇ ಅಭ್ಯಾಸಕ್ಕೆ ಆರಿಸಿಕೊಳ್ಳುತ್ತಿದ್ದಾರೆ. ಅದರೊಡನೆ ವಿದ್ಯುತ್ತಿನ ಮೂಲಪಾಠವನ್ನೂ ಅವರು ಕಲಿಯಲಿ ಎಂಬುದು ನಮ್ಮ ಆಶಯ. ಮುಂದಿನ ಬಾರಿ ದಕ್ಷಿಣೇಶ್ವರದ ಗಂಗಾತೀರದಲ್ಲಿ ಸಂಜೆಯ ದೀಪಗಳು ಬೆಳಗಿದಾಗ, ಅವುಗಳ ಹಿಂದಿರುವ ಈ ಸಾಧನೆಯನ್ನೂ ನಾವು ಸ್ಮರಿಸೋಣ.