ಪಶುತಳಿ ಪರಿಷತ್ತುಗಳು: ನಾಸಿಕ ಮತ್ತು ಸಂಭಾಜಿನಗರ ಪ್ರಾಂತ

ಪಶುಗಳ ತಳಿ, ಆರೋಗ್ಯ ಹಾಗೂ ಕ್ಷೇಮವನ್ನು ಕುರಿತು ವಿದ್ವಾಂಸರು ಸಭೆ ಸೇರಿ ವಿಚಾರ ಮಾಡುವ ಪದ್ಧತಿಯು ಭಾರತದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ನೆಲೆಗೊಂಡಿತಾದರೂ, ರಾಸುಗಳ ಗುಣದೋಷಗಳನ್ನು ಹತ್ತು ಜನರ ಸಮಕ್ಷದಲ್ಲಿ ಪರೀಕ್ಷಿಸುವ ಕಾರ್ಯವು ದನಗಳ ಜಾತ್ರೆಗಳಲ್ಲಿ ಬಹು ಹಿಂದಿನಿಂದಲೂ ನಡೆದುಬಂದಿರುತ್ತದೆ. ನಾಸಿಕ ಜಿಲ್ಲೆಯ ಘೋಟಿಯ ಸಂತೆಗೆ ಬರುವ ಡಾಂಗಿ ಎತ್ತು ಇದಕ್ಕೆ ನಿದರ್ಶನ: ಸಹ್ಯಾದ್ರಿಯ ಧಾರಾಕಾರ ಮಳೆಯಲ್ಲಿ ಗದ್ದೆ ಉಳಬಲ್ಲ ಈ ರಾಸಿನ ಚರ್ಮವು ಎಣ್ಣೆಯಂಥ ದ್ರವವನ್ನು ಸ್ರವಿಸಿ ನೀರನ್ನು ತಡೆಯುವುದೆಂದೂ, ಅದರ ಗೊರಸು ಕರಿಕಲ್ಲಿನಷ್ಟು ಗಟ್ಟಿಯೆಂದೂ ಒಕ್ಕಲಿಗರು ಬಲ್ಲರು.

2023ರವರೆಗೆ ಔರಂಗಾಬಾದ್ ಎನಿಸಿದ್ದ ಛತ್ರಪತಿ ಸಂಭಾಜಿನಗರವು ನಿಜಾಮ ಸಂಸ್ಥಾನಕ್ಕೆ ಸೇರಿದ್ದಿತು; ಬೀದರವೂ ಅದೇ ಸಂಸ್ಥಾನದಲ್ಲಿದ್ದಿತು. ಆ ಸೀಮೆಯ ದೇವಣಿ ತಳಿಯು ಇಂದಿನ ಲಾತೂರು, ಬೀದರ ಜಿಲ್ಲೆಗಳಲ್ಲಿ ಹರಡಿದೆ. ಮೈಬಣ್ಣವನ್ನನುಸರಿಸಿ ವಾನೆರಾ, ಬಾಲಂಕ್ಯಾ, ಶೇವೆರಾ ಎಂಬ ಮೂರು ಭೇದಗಳನ್ನು ಹೇಳುತ್ತಾರೆ. ಗಿರ್, ಡಾಂಗಿ ಮತ್ತು ಸ್ಥಳೀಯ ರಾಸುಗಳ ಸಮ್ಮಿಶ್ರಣದಿಂದ ಇದು ಉದಿಸಿತೆಂಬುದು ಪ್ರಚಲಿತ ಮತ; ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಗಾಗಿ ಜೋಶಿ ಮತ್ತು ಫಿಲಿಪ್ಸ್ 1953ರಲ್ಲಿ ಬರೆದ ಗ್ರಂಥವೂ ಗಿರ್, ಡಾಂಗಿ, ದೇವಣಿಗಳನ್ನು ಒಂದೇ ವರ್ಗದಲ್ಲಿರಿಸಿದೆ.

ಶಾಸ್ತ್ರೀಯ ಸಂಶೋಧನೆ ಮೊದಲಾದುದು ತಳಿಯಿಂದಲ್ಲ, ರೋಗದಿಂದ. 1889ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಜೀವಾಣು ಪ್ರಯೋಗಶಾಲೆಯು 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ದನಗಳ ದೊಡ್ಡರೋಗವೇ (ರಿಂಡರ್‌ಪೆಸ್ಟ್) ಆಗ ಅದರ ಮುಖ್ಯ ಚಿಂತೆ. ತಳಿಯ ಪ್ರಶ್ನೆಗೆ ಬೆಂಗಳೂರು ಪ್ರಮುಖ ವೇದಿಕೆಯಾದುದು ಕನ್ನಡಿಗರು ನೆನೆಯತಕ್ಕ ಸಂಗತಿ. ಅಲ್ಲಿ 1923ರಲ್ಲಿ ಪಶುಪಾಲನೆ ಹಾಗೂ ಹೈನುಗಾರಿಕೆಯ ಸಂಸ್ಥೆ ಹುಟ್ಟಿತು. 1924ರಲ್ಲಿ ಅಲ್ಲಿಯೇ ಸೇರಿದ ಅಖಿಲ ಭಾರತ ಕೃಷಿಮಂಡಲಿಯು ಗೋಸಂಪತ್ತಿನ ಸುಧಾರಣೆಯನ್ನು ಚರ್ಚಿಸಿತು. 1927ರಲ್ಲಿ ಗಾಂಧೀಜಿ ಆ ಸಂಸ್ಥೆಗೆ ಹೋಗಿ ಹೈನುಗಾರಿಕೆಯ ಪಾಠ ಕಲಿತರು. ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲಗಳ ಬ್ಯೂರೋ 1984ರಲ್ಲಿ ಬೆಂಗಳೂರಿನಲ್ಲಿಯೇ ಜನ್ಮತಾಳಿ, ಮರುವರ್ಷ ಹರಿಯಾಣದ ಕರ್ನಾಲಕ್ಕೆ ಸ್ಥಳಾಂತರಗೊಂಡಿತು. ಬ್ಯೂರೋ ಹುಟ್ಟುವುದಕ್ಕೆ ಹಿಂದಿನ ವರ್ಷವಷ್ಟೇ ಅಂತಾರಾಷ್ಟ್ರೀಯ ಆನುವಂಶಿಕತಾ ಮಹಾಸಭೆ ದೆಹಲಿಯಲ್ಲಿ ಜರುಗಿದ್ದಿತು.

ಈ ನಡುವಿನ ದಶಕಗಳಲ್ಲಿ ಹೋಲ್‌ಸ್ಟೀನ್, ಜೆರ್ಸಿಗಳೊಡನೆ ಸಂಕರ ಮಾಡುವ ನೀತಿಯೇ ಪ್ರಬಲವಾಯಿತು. ಹಾಲಿನ ಇಳುವರಿ ಏರಿತು, ನಿಜ; ಆದರೆ ಮಳೆ, ಬರ, ಒಣಮೇವುಗಳನ್ನು ತಾಳುವ ಗುಣಕ್ಕೆ ಲೀಟರಿನ ಲೆಕ್ಕದಲ್ಲಿ ಸ್ಥಾನವಿರಲಿಲ್ಲ. ಸ್ಥಳೀಯ ತಳಿಗಳನ್ನು ಕಾಪಾಡುವ ಜಾಗತಿಕ ಕಾರ್ಯಯೋಜನೆ 2007ರಲ್ಲಿ ಸ್ವಿಟ್ಜರ್‌ಲೆಂಡಿನ ಇಂಟರ್‌ಲಾಕೆನ್ ಸಮ್ಮೇಳನದಲ್ಲಿ ಅಂಗೀಕೃತವಾಯಿತು, ತಡವಾಯಿತೆಂದೇ ಹೇಳಬೇಕು.

ಪ್ರಾಣಿಕ್ಷೇಮದ ಚರ್ಚೆಗೆ ಆಧಾರವಾದುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆ. ಅದರ ನಾಲ್ಕನೆಯ ಅಧ್ಯಾಯವು ಪ್ರಯೋಗಗಳನ್ನು ಕುರಿತದ್ದು. 1998ರ ನಿಯಮಗಳು ಪ್ರಾಣಿಗಳನ್ನು ಬಳಸುವ ಪ್ರಯೋಗಾಲಯಗಳಿಗೆ ನೈತಿಕ ಸಮಿತಿಯ ಅನುಮತಿಯನ್ನು ಕಡ್ಡಾಯಗೊಳಿಸಿದವು. ನಾಸಿಕದಲ್ಲಿ ಮಹಾರಾಷ್ಟ್ರದ ಆರೋಗ್ಯವಿಜ್ಞಾನ ವಿಶ್ವವಿದ್ಯಾಲಯ ಸ್ಥಾಪನೆಯಾದುದೂ ಅದೇ ವರ್ಷ. 1958ರಿಂದ ವಿಶ್ವವಿದ್ಯಾಲಯವನ್ನು ಹೊಂದಿರುವ ಸಂಭಾಜಿನಗರದಲ್ಲಿಯೂ ಪ್ರಾಣಿಶಾಸ್ತ್ರದ ಬೋಧನೆ ಬದಲಾಗಬೇಕಾಯಿತು, ಏಕೆಂದರೆ ಪ್ರಾಣಿಛೇದನವನ್ನು ಕ್ರಮೇಣ ಕೈಬಿಡುವಂತೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಮಾರ್ಗಸೂಚಿ ನೀಡಿತು.

ಮರಾಠವಾಡದಲ್ಲಿ ಪರಭಣಿ, ಉದಗೀರಗಳ ಪಶುವೈದ್ಯ ಕಾಲೇಜುಗಳೂ, ಗಡಿಯ ಈಚೆ ಕರ್ನಾಟಕದಲ್ಲಿ 2004ರ ಅಧಿನಿಯಮದಿಂದ ರೂಪುಗೊಂಡ ಬೀದರದ ಪಶುವೈದ್ಯ ವಿಶ್ವವಿದ್ಯಾಲಯವೂ ಇವೆ. ದೇವಣಿಯ ವಂಶಾವಳಿಯನ್ನು ಉಭಯ ರಾಜ್ಯಗಳ ವಿದ್ವಾಂಸರು, ಅದನ್ನು ಸಾಕುವ ಒಕ್ಕಲಿಗರನ್ನೂ ಕೂಡಿಸಿಕೊಂಡು, ಒಂದೇ ದಾಖಲೆಯಲ್ಲಿ ಬರೆಯುವುದು ಯುಕ್ತವಾಗಿದೆ.